ಉಸಿರಿನ ಮಾತು



ನಾವು ವೈದ್ಯರಲ್ಲ, ಬ್ಯಾಂಕಿನ ಗುಮಾಸ್ತರು. ಆದರೂ ಈ ವಿಷಯವನ್ನೆತ್ತಿಕೊಳ್ಳಲು ಕಾರಣವುಂಟು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ನಡೆಯುತ್ತಿದೆ. ಅದರ ಇನ್ನೊಂದು ಕೇಂದ್ರ ನವಿ ಮುಂಬಯಿಯ ಖಾರಘರದಲ್ಲಿದೆ. ಊರಿನಿಂದ ಚಿಕಿತ್ಸೆಗೆಂದು ಬಂದ ನೆಂಟರು ಠಾಣೆ, ಡೊಂಬಿವಲಿ, ಕಲ್ಯಾಣಗಳ ನಮ್ಮಂಥವರ ಮನೆಗಳಲ್ಲಿ ಇಳಿಯುತ್ತಾರೆ. ವೈದ್ಯರ ಮುಂದೆ ಅವರ ದುಭಾಷಿಗಳೂ ನಾವೇ.

ಗದಗಿನಿಂದ ಬಂದ ನಮ್ಮ ದೊಡ್ಡಪ್ಪನವರಿಗೆ ಹಾಡ್‌ಕಿನ್ ಲಿಂಫೋಮಾ. ಕೊಡುತ್ತಿದ್ದ ನಾಲ್ಕು ಔಷಧಗಳಲ್ಲಿ ಬ್ಲಿಯೋಮೈಸಿನ್ ಒಂದು. ಗಂಟುಗಳು ಕರಗಿದುವು, ನಾವು ಹಿಗ್ಗಿದೆವು. ಆಮೇಲೆ ಒಣಕೆಮ್ಮು ಹತ್ತಿತು. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ನಡುವೆಯೇ ನಿಂತು, "ದಮ್ಮು ಹತ್ತಾಕತ್ತೈತಿ, ತಮ್ಮಾ" ಎಂದರು. ಧೂಳು, ಗದ್ದಲ, ವಯಸ್ಸು ಎಂದುಕೊಂಡೆವು. ವೈದ್ಯರು ಕೇಳಿದಾಗ "ಥೋಡೀ ಕಮ್‌ಜೋರೀ ಹೈ" ಎಂದುಬಿಟ್ಟೆವು. ದಮ್ಮು ಎಂಬುದು ನಮ್ಮ ಬಾಯಲ್ಲಿ ನಿಶ್ಶಕ್ತಿಯಾಯಿತು. ಹದಿನೈದು ದಿನ ಕಳೆದುವು. ತಪ್ಪು ನಮ್ಮದೇ.

ಜಪಾನಿನ ಹಮಾವೊ ಉಮೆಜಾವಾ ಮತ್ತು ಸಂಗಡಿಗರು 1960ರ ದಶಕದಲ್ಲಿ ಕಂಡುಹಿಡಿದ ಈ ಔಷಧವನ್ನು ನಿಷ್ಕ್ರಿಯಗೊಳಿಸುವ ಕಿಣ್ವ ಶ್ವಾಸಕೋಶದಲ್ಲಿ ಬಹು ಕಡಿಮೆ. ಆದುದರಿಂದ ಪೆಟ್ಟು ಅಲ್ಲಿಯೇ ಬೀಳುತ್ತದೆ. ಒಟ್ಟು ಪ್ರಮಾಣ 400 ಯೂನಿಟ್ ದಾಟಿದರೆ ಅಪಾಯ ಹೆಚ್ಚು. ಅದಕ್ಕೆ ಮೊದಲೂ ಬರಬಹುದು. ವಯಸ್ಸಾದವರಿಗೆ, ಮೂತ್ರಪಿಂಡ ಸೊರಗಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಪ್ರತಿ ಸಲದ ಮೊತ್ತಕ್ಕಿಂತ ಮುಂದಕ್ಕೆ ತಂದ ಬಾಕಿಯೇ ಮುಖ್ಯ.

ನಿಜಸ್ಥಿತಿ ತಿಳಿದೊಡನೆ ವೈದ್ಯರು ಬ್ಲಿಯೋಮೈಸಿನ್ ನಿಲ್ಲಿಸಿ, ಸಿ.ಟಿ. ತೆಗೆಸಿ, ಸೋಂಕಲ್ಲವೆಂದು ಪರೀಕ್ಷಿಸಿದ ಮೇಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆರಂಭಿಸಿದರು. ಅದನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಸಬೇಕು. ಹಾಯೆನಿಸಿತೆಂದು ನಡುವೆ ಬಿಟ್ಟರೆ ಕೆಮ್ಮು ಮರಳೀತು. ಸಕ್ಕರೆ ಏರುತ್ತದೆ, ದೊಡ್ಡಮ್ಮನವರು ಹೋಳಿಗೆಯ ಡಬ್ಬಿಯನ್ನು ಬಚ್ಚಿಡಬೇಕಾಯಿತು. ಉರಿಯೂತ ಇಳಿದೀತು, ಆದರೆ ಗಾಯ ಕಟ್ಟಿ ಗಟ್ಟಿಯಾದ ಭಾಗ ಮತ್ತೆ ಮೃದುವಾಗದು. ಆ ಹದಿನೈದು ದಿನ ನಮ್ಮನ್ನು ಕಾಡುವುದು ಇದಕ್ಕೇ.

ಇನ್ನೊಂದು ಮಾತು. ಏದುಸಿರು ಕಂಡೊಡನೆ ಮನೆಗೆ ಸಿಲಿಂಡರು ತರಿಸುವ ಅಭ್ಯಾಸ ಕೋವಿಡ್ ಕಾಲದಿಂದ ಬೆಳೆದಿದೆ. ಬ್ಲಿಯೋಮೈಸಿನ್ ಪಡೆದವರಿಗೆ ಅತಿಯಾದ ಆಮ್ಲಜನಕವೇ ಕೇಡಾಗಬಹುದು. ಅಗತ್ಯವಿದ್ದಷ್ಟನ್ನು ವೈದ್ಯರೇ ಅಳೆದು ಕೊಡುತ್ತಾರೆ. ವರ್ಷಗಳ ಮೇಲೆ ಬೇರೆ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ಕೊಡುವವರಿಗೆ ಇದನ್ನು ತಿಳಿಸಬೇಕು.

ದೊಡ್ಡಪ್ಪನವರು ಈಗ ಸೇತುವೆಯನ್ನು ಎರಡು ಕಡೆ ನಿಂತು ಹತ್ತುತ್ತಾರೆ. ಔಷಧದ ಹೆಸರು, ಒಟ್ಟು ಯೂನಿಟ್ಟು, ಕೊನೆಯ ತಾರೀಖು ಬರೆದ ಚೀಟಿ ಅವರ ಅಂಗಿಯ ಜೇಬಿನಲ್ಲಿ, ರೈಲಿನ ಪಾಸಿನ ಜೊತೆಗೇ ಇರುತ್ತದೆ.