ಶೂನ್ಯ ಟಿಕೆಟ್ ಸಿಕ್ಕಿದೆ, ಮಗಳನ್ನು ಎಲ್ಲಿಯವರೆಗೆ ಕಳುಹಿಸೋಣ?

(ಎನ್.ಆರ್. ಕಾಲೋನಿಯಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ಇಲ್ಲಿರುವ ತಾಯಂದಿರಲ್ಲಿ ಹಲವರು ಬಸ್ಸಿನಲ್ಲೇ ಬಂದಿದ್ದೀರಿ. ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್ ಇನ್ನೂ ನಿಮ್ಮ ಪರ್ಸಿನಲ್ಲಿರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಅಂದಿನಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವ ಅರ್ಹ ಮಹಿಳೆಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂಬುದು ಅದರ ನಿಯಮ.

ಇದನ್ನು ಬಿಟ್ಟಿ ಹಣ ಎಂದು ಆಡಿಕೊಳ್ಳುವವರಿದ್ದಾರೆ. ಬಸ್ ಚಾರ್ಜಿಗೂ ಮನೆಯವರ ಮುಂದೆ ಕೈಚಾಚಿದ ಹೆಂಗಸಿಗೆ ಮಾತ್ರ ಅದರ ಬೆಲೆ ಗೊತ್ತು. ಹೆಣ್ಣಿನ ಹೆಸರಿನಲ್ಲಿ ಹಣವಿರುವುದು ನಮಗೇನೂ ಹೊಸದಲ್ಲ. ಮೆಹರ್ ಅವಳದೇ ಸ್ವತ್ತು ಎಂಬುದನ್ನು ನಾವೆಲ್ಲ ಒಪ್ಪಿದವರು.

ಹೆಣ್ಣುಮಕ್ಕಳಿಗೆ ಕಾನೂನಿನ ಮೂಲಕ ಜಾಗ ಕೊಟ್ಟ ಅನುಭವ ಕರ್ನಾಟಕಕ್ಕೆ ಹಳೆಯದು. 1983ರ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿಟ್ಟಿತು. ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಇಂದು ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಹೆಂಡತಿ ಸದಸ್ಯೆ, ಕಾಗದಪತ್ರ ನೋಡುವವನು ಗಂಡ ಎಂಬುದನ್ನು ಎಷ್ಟೋ ಕಡೆ ಕಾಣುತ್ತೇವೆ. ಕಾನೂನು ಕುರ್ಚಿ ಕೊಡುತ್ತದೆ. ಕಾಗದ ಓದಿ ಸಹಿ ಹಾಕುವ ಧೈರ್ಯ ಬರುವುದು ವಿದ್ಯೆಯಿಂದ.

ಆ ವಿದ್ಯೆಯ ದಾರಿಯಲ್ಲೇ ಈಚೆಗೆ ಕೆಲವು ಬಾಗಿಲು ಮುಚ್ಚಿವೆ. ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಪ್ರೀ-ಮೆಟ್ರಿಕ್ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗಳಿಗೆ ಸೀಮಿತವಾಯಿತು. ಬೇಗಂ ಹಜ್ರತ್ ಮಹಲ್ ಹೆಸರಿನ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ 9-10ನೇ ತರಗತಿಯಲ್ಲಿ ವರ್ಷಕ್ಕೆ 5,000, ಪಿಯುಸಿಯಲ್ಲಿ 6,000 ರೂಪಾಯಿ ಸಿಗುತ್ತಿತ್ತು. ಅದನ್ನು ನಡೆಸುತ್ತಿದ್ದ ಮೌಲಾನಾ ಆಜಾದ್ ಎಜುಕೇಶನ್ ಫೌಂಡೇಶನ್ ಮುಚ್ಚಬೇಕೆಂದು 2024ರ ಫೆಬ್ರುವರಿಯಲ್ಲಿ ಆದೇಶವಾಯಿತು. ಸರ್ಕಾರದ ಯೋಜನೆ ಬರುತ್ತದೆ, ಹೋಗುತ್ತದೆ. ಮಗಳ ಓದು ಅದರ ಜೊತೆ ನಿಂತುಹೋಗಬಾರದು.

ಹೋದ ವರ್ಷ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದರು. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಓಡಾಟಕ್ಕೆ ಖರ್ಚಿಲ್ಲ. ಆದರೂ ಮನೆಯಲ್ಲಿ ತಮ್ಮನ ಟ್ಯೂಷನ್ ಫೀ ಮೊದಲು, ಅಕ್ಕನಿಗೆ ಸಂಬಂಧ ನೋಡೋಣ ಎಂಬ ಮಾತು. ನಾವು ಅರ್ಧ ಫೀ ಕೊಟ್ಟೆವು. ಉಳಿದರ್ಧವನ್ನು ಆ ತಾಯಿ ಕೂಡಿಟ್ಟಿದ್ದ ಗೃಹಲಕ್ಷ್ಮಿ ಹಣದಿಂದಲೇ ಕಟ್ಟಿದರು. ಹುಡುಗಿ ಈಗ ಬಿ.ಕಾಂ. ಓದುತ್ತಿದ್ದಾಳೆ.

ಅರ್ಜಿ ತುಂಬಿ ತಂದಾಗ ಆ ತಾಯಿ, “ನಾನು ಎಲ್ಲಿ ಸಹಿ ಹಾಕಲಿ?” ಎಂದು ಕೇಳಿದರು. ನಮ್ಮ ನಮೂನೆಯಲ್ಲಿ ತಂದೆಯ ಸಹಿಗೆ ಮಾತ್ರ ಜಾಗವಿತ್ತು. ಇದು ನಮ್ಮದೇ ತಪ್ಪು. ಈ ವರ್ಷದಿಂದ ತಾಯಿಯೊಬ್ಬರ ಸಹಿ ಇದ್ದರೂ ಅರ್ಜಿ ಸ್ವೀಕರಿಸುತ್ತೇವೆ.

ತಂದೆ ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟು. ಮಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು ಆಧಾರ್ ಜೋಡಿಸಿ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯನ್ನು ವಿಚಾರಿಸಿ. ಪಿಯುಸಿ ಆದ ಕೂಡಲೇ ಮಗಳ ಪುಸ್ತಕ ಕಟ್ಟಿಡಬೇಡಿ.

ದಾನಿಗಳಲ್ಲಿ ಒಂದು ಮಾತು. ನಿಮ್ಮ ಝಕಾತ್ ಮತ್ತು ಸದಕಾದಲ್ಲಿ ಒಂದು ಪಾಲನ್ನು 9ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹೆಣ್ಣುಮಕ್ಕಳಿಗೆಂದು ಗುರುತಿಸಿ ಕೊಡಿ. ನಿಂತುಹೋದ ಆ ಐದಾರು ಸಾವಿರ ರೂಪಾಯಿ ಸಣ್ಣ ಮೊತ್ತವೆನಿಸಬಹುದು. ಒಂದು ಮನೆಯಲ್ಲಿ ಮಗಳ ಓದು ಮುಂದುವರಿಯುವುದೋ ನಿಲ್ಲುವುದೋ ಅಷ್ಟರಲ್ಲೇ ತೀರ್ಮಾನವಾಗುತ್ತದೆ.

ಹೊಸ ಸಾಲಿನ ಅರ್ಜಿ ನಮೂನೆಗಳು ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತವೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಫೀ ರಸೀದಿಯ ಪ್ರತಿಗಳನ್ನು ಲಗತ್ತಿಸಿ. ತುಂಬಲು ಕಷ್ಟವಾದರೆ ನಾವೇ ಜೊತೆಯಲ್ಲಿ ಕುಳಿತು ತುಂಬಿಸುತ್ತೇವೆ.

ಅಲ್ಲಾಹನು ನಮ್ಮ ಮಕ್ಕಳ ವಿದ್ಯೆಯಲ್ಲಿ ಬರಕತ್ ನೀಡಲಿ.