ಸೇವೆಗೆ ಬರುವ ಹಣ ಯಾರದು?



ಯುದ್ಧಭೂಮಿಗೆ ಹೋಗುವ ಸೇವಾವೈದ್ಯರ ಸಂಸ್ಥೆ ಹೇಗೆ ನಡೆಯುತ್ತದೆಂದು ಎರಡು ಮಾತು ಹೇಳುತ್ತೇನೆ. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಹುಟ್ಟಿದ್ದು 1971ರಲ್ಲಿ, ಪ್ಯಾರಿಸ್‌ನಲ್ಲಿ. ಬಿಯಾಫ್ರಾದ ಯುದ್ಧದಲ್ಲಿ ಮಕ್ಕಳು ಹಸಿವಿನಿಂದ ಸಾಯುವುದನ್ನು ಕಂಡ ವೈದ್ಯರೂ ಕೆಲವು ಪತ್ರಕರ್ತರೂ ಕೂಡಿ ಇದನ್ನು ಕಟ್ಟಿದರು.

ಅಲ್ಲಿ ಡಾಕ್ಟರೊಬ್ಬರಿಂದಲೇ ಕೆಲಸ ಸಾಗದು. ನೀರು ಶುದ್ಧಮಾಡುವವರು, ಜನರೇಟರ್ ನಡೆಸುವವರು, ಔಷಧದ ಲೆಕ್ಕ ಇಡುವವರು ಬೇಕು. ಸಿಬ್ಬಂದಿಯಲ್ಲಿ ಹೆಚ್ಚಿನವರು ಆಯಾ ದೇಶದವರೇ. ಗಾಯಾಳು ಯಾವ ಕಡೆಯವನೆಂದು ಕೇಳುವುದಿಲ್ಲ. ಯಾರ ಜೀವಕ್ಕೆ ಹೆಚ್ಚು ಅಪಾಯವೋ ಅವರಿಗೆ ಮೊದಲ ಚಿಕಿತ್ಸೆ.

ಕಠಿಣ ಪ್ರಶ್ನೆ ಬೇರೆಯೇ ಇದೆ. ಕಂಡ ಅನ್ಯಾಯವನ್ನು ಹೇಳಬೇಕೋ, ಸುಮ್ಮನಿದ್ದು ರೋಗಿಯ ಬಳಿ ಉಳಿಯಬೇಕೋ? 1985ರಲ್ಲಿ ಇಥಿಯೋಪಿಯಾ ಸರ್ಕಾರದ ಬಲವಂತದ ಸ್ಥಳಾಂತರವನ್ನು ಖಂಡಿಸಿದ್ದಕ್ಕೆ ಇದರ ಫ್ರೆಂಚ್ ಶಾಖೆಯನ್ನು ಆ ದೇಶದಿಂದ ಹೊರಹಾಕಲಾಯಿತು. ಮಾತಿಗೆ ಅಷ್ಟು ಬೆಲೆ ತೆರಬೇಕಾಗುತ್ತದೆ.

ಹಾಗೆ ಮಾತಾಡಲು ಹಣವೂ ಸ್ವತಂತ್ರವಾಗಿರಬೇಕು. ಇವರ ಹಣದ ಬಹುಪಾಲು ಸಾಮಾನ್ಯ ಜನ ಕೊಟ್ಟದ್ದು. ಆದ್ದರಿಂದಲೇ 2016ರಲ್ಲಿ ಐರೋಪ್ಯ ಒಕ್ಕೂಟದ ವಲಸೆ ನೀತಿಯನ್ನು ವಿರೋಧಿಸಿ ಅದರ ಹಣವನ್ನೇ ಬೇಡವೆನ್ನಲು ಸಾಧ್ಯವಾಯಿತು.

ನಾವು ಯಾವುದೇ ಸೇವಾಸಂಸ್ಥೆಗೆ ಕೈ ನೀಡುವಾಗ ಎರಡನ್ನು ಕೇಳೋಣ: ಹಣ ಯಾರದು? ಆ ಹಣ ಅದರ ಬಾಯಿ ಕಟ್ಟಿದೆಯೇ?