ಹಳೇ ಬೋರ್ಡಿಗೆ ಯಾವ ಕಾರ್ಡು?

ಲ್ಯಾಮಿಂಗ್ಟನ್ ರೋಡೋ, ರಿಚ್ಚಿ ಸ್ಟ್ರೀಟೋ, ನೆಹರೂ ಪ್ಲೇಸೋ, ಎಲ್ಲೇ ಹೋಗಿ ಗ್ರಾಫಿಕ್ಸ್ ಕಾರ್ಡ್ ಕೇಳಿದ್ರೂ ಅಂಗಡಿಯವರು ಮೊದಲು ಕೇಳೋದು ಬಜೆಟ್ಟು. ನೀವು ಮೊದಲು ನೋಡಬೇಕಾದ್ದು ಮದರ್‌ಬೋರ್ಡು.

2017ರ ಐ5-8400 ಮಷೀನ್ ಇದೆ ಅಂದ್ಕೊಳ್ಳಿ. ಅದರ ಸ್ಲಾಟು ಪಿಸಿಐಇ 3.0. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ 2022ರಲ್ಲಿ ಬಂದಿದ್ದು, ಬೆಲೆನೂ ಕಮ್ಮಿ, ಉದ್ದದ ಸ್ಲಾಟಲ್ಲಿ ಸರಿಯಾಗೇ ಕೂರುತ್ತೆ. ಆದ್ರೆ ಒಳಗೆ ಬಳಸೋದು ನಾಲ್ಕೇ ಲೇನು! 4.0 ಬೋರ್ಡಲ್ಲಿ ಹೇಗೋ ನಡೆಯುತ್ತೆ, 3.0ರಲ್ಲಿ ಆ ದಾರಿಯೂ ಅರ್ಧ ಆಗುತ್ತೆ. ಸಾಮಾನ್ಯವಾಗಿ ಸಿಗೋ ಮಾಡೆಲ್‌ನಲ್ಲಿ ಮೆಮೊರಿ 4 ಜಿಬಿ. ಟೆಕ್ಸ್ಚರ್ ಜಾಸ್ತಿ ಇಟ್ರೆ ಅದು ತುಂಬುತ್ತೆ, ಮಿಕ್ಕಿದ್ದೆಲ್ಲ ಆ ಇಕ್ಕಟ್ಟಿನ ದಾರೀಲೇ ಸಿಸ್ಟಮ್ ರ್‍ಯಾಮಿಗೆ ಹೋಗಿ ಬರಬೇಕು. ಆಟ ತಡವರಿಸೋದು ಅಲ್ಲೇ.

ಆರ್‌ಟಿಎಕ್ಸ್ 3060ಯ 12 ಜಿಬಿ ಮಾಡೆಲ್ ಹದಿನಾರು ಲೇನೂ ಬಳಸುತ್ತೆ. ಹಳೇ ಬೋರ್ಡಿಗೆ ನನ್ನ ಓಟು ಇದಕ್ಕೇ. ಸೆಕೆಂಡ್ ಹ್ಯಾಂಡ್ ಆದ್ರೆ ಅರ್ಧ ಗಂಟೆ ಆಟ ಓಡಿಸಿ ತೋರಿಸಿ ಅನ್ನಿ, ಸಂಕೋಚ ಬೇಡ. ಇದು ಎಳೆಯೋದು 170 ವಾಟ್, ಎನ್‌ವಿಡಿಯಾ ಹೇಳೋದು 550 ವಾಟ್ ಎಸ್‌ಎಂಪಿಎಸ್ ಇರಲಿ ಅಂತ. ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ್ದು ಇದ್ರೆ ಮೊದಲು ಅದನ್ನ ಬದಲಾಯಿಸಿ. ದುಡ್ಡು ಸಾಲದಿದ್ರೆ ಕಾರ್ಡು ಮುಂದಿನ ತಿಂಗಳ ಸಂಬಳಕ್ಕೆ.